‘ಸಹಕಾರವಿಲ್ಲ’ ಎಂದು ಬರೆಯುವ ಮುನ್ನ

ಮಕ್ಕಳ ಕಿಡ್ನಿ ವಿಭಾಗಕ್ಕೆ ಸೋಷಿಯಲ್ ವರ್ಕರ್ ಆಗಿ ಸೇರುತ್ತಿದ್ದೀಯ ಎಂದು ಕೇಳಿ ಖುಷಿಯಾಯಿತಮ್ಮ. ಎಂಎಸ್‌ಡಬ್ಲ್ಯು ಮುಗಿಸಿದವರಲ್ಲಿ ಬಹಳ ಜನ ಕಂಪನಿಗಳ ಎಚ್‌ಆರ್ ಕಡೆ ಹೊರಟುಬಿಡುತ್ತಾರೆ. ನೀನು ಒಪಿಡಿಯ ಬೆಂಚು, ಅಳುವ ಮಕ್ಕಳು, ಜೆರಾಕ್ಸ್ ಕಾಗದಗಳ ಕಟ್ಟು ಬೇಕೆಂದು ಆರಿಸಿಕೊಂಡಿದ್ದೀಯ. ಈ ಕೆಲಸದಲ್ಲೇ ತಲೆ ನರೆಸಿಕೊಂಡವಳು ನಾನು. ಹಾಗಾಗಿ ನಾಲ್ಕು ಮಾತು ಹೇಳುತ್ತೇನೆ, ಬೇಕಾದ್ದು ಇಟ್ಟುಕೋ.

ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ಫೈಲಿನಲ್ಲಿ ‘ಪೋಷಕರ ಸಹಕಾರವಿಲ್ಲ’ ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಬೇಡ. ಔಷಧಿ ಬರೆಯುವ ಅಧಿಕಾರ ನಿನಗಿಲ್ಲ, ನಿಜ. ಆದರೆ ನೀನು ಬರೆದ ಆ ಒಂದು ಸಾಲು ಮಗುವಿನ ಹಿಂದೆ ವರ್ಷಗಟ್ಟಲೆ ತಿರುಗುತ್ತದೆ. ಈ ಮಗುವಿಗೆ ಮನೆಯಲ್ಲೇ ಡಯಾಲಿಸಿಸ್ ಕೊಡಿಸಬಹುದೇ, ಕಸಿಗೆ ಹೆಸರು ಬರೆಸಬಹುದೇ ಎಂದು ತಂಡ ಕೂತು ಮಾತಾಡುವ ದಿನ, ಆ ಕುಟುಂಬವನ್ನು ಕಣ್ಣಲ್ಲಿ ಕಾಣದವರೊಬ್ಬರು ಪುಟ ತಿರುವಿ ಅದನ್ನೇ ಓದುತ್ತಾರೆ. ಮಾತ್ರೆ ತಪ್ಪಿದ್ದು, ತಾರೀಖು ತಪ್ಪಿದ್ದು ಡಾಕ್ಟರಿಗೂ ಗೊತ್ತು, ಲ್ಯಾಬ್ ರಿಪೋರ್ಟಿಗೂ ಗೊತ್ತು. ಔಷಧಿ ಅಂಗಡಿಯ ಕೌಂಟರಿನಿಂದ ಮಗುವಿನ ಬಾಯಿಗೆ ಹೋಗುವ ದಾರಿಯಲ್ಲಿ ಆ ಮಾತ್ರೆ ಎಲ್ಲಿ ನಿಂತಿತು ಎಂದು ಕಂಡುಹಿಡಿಯುವುದಕ್ಕೇ ನಿನ್ನನ್ನು ಅಲ್ಲಿ ಇಟ್ಟಿರುವುದು.

ಇದು ಹೊಸ ಸಂಗತಿಯೇನಲ್ಲ. 1905ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ಡಾಕ್ಟರು ಸೋಷಿಯಲ್ ವರ್ಕರನ್ನು ನೇಮಿಸಿಕೊಂಡಿದ್ದೂ ಈ ಕಾರಣಕ್ಕೇ. ರೋಗಿಯ ಮನೆ, ಕೂಲಿ, ಊಟ ಗೊತ್ತಿಲ್ಲದೆ ಬರೆದ ಚೀಟಿ ದಂಡ ಎಂದು ಅವರಿಗೆ ಅನ್ನಿಸಿತ್ತು. ನಮ್ಮ ದೇಶದಲ್ಲಿ 1946ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆ ಈ ಹುದ್ದೆ ತೆರೆಯಿತು. ಇಷ್ಟು ಚರಿತ್ರೆ ಸಾಕು, ಯಾರಾದರೂ ಕೇಳಿದರೆ ಹೇಳಲಿಕ್ಕೆ.

ದೊಡ್ಡವರ ಕಿಡ್ನಿ ವಾರ್ಡಿನಲ್ಲಿ ಕೆಲಸ ಮಾಡಿದ ಗೆಳತಿಯರ ಮಾತು ಕೇಳಿ ಮಕ್ಕಳ ವಾರ್ಡಿಗೆ ಹೋಗಬೇಡ. ಅಲ್ಲಿ ಸಕ್ಕರೆ ಕಾಯಿಲೆ, ಬಿಪಿಯ ಕತೆ. ಇಲ್ಲಿ ಬಹಳ ಮಕ್ಕಳಿಗೆ ಹುಟ್ಟುವಾಗಲೇ ಕಿಡ್ನಿ ಅಥವಾ ಮೂತ್ರನಾಳದ ರಚನೆಯಲ್ಲಿ ದೋಷವಿರುತ್ತದೆ. ಗಂಡುಮಕ್ಕಳಲ್ಲಿ ಮೂತ್ರದ ದಾರಿಗೆ ಅಡ್ಡವಾಗಿ ಒಂದು ಕವಾಟ ಬೆಳೆದಿರುವುದುಂಟು. ಕೆಲವು ಕಾಯಿಲೆಗಳು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ದೋಷದ ವಂಶವಾಹಿ ಸೇರಿದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಲ್ಲಿ ಇವು ಹೆಚ್ಚು. ಇದನ್ನು ಡಾಕ್ಟರು ಐದು ನಿಮಿಷದಲ್ಲಿ ಹೇಳಿ ಮುಂದಿನ ಮಗುವನ್ನು ಕರೆಯುತ್ತಾರೆ. ಹೊರಗೆ ಬೆಂಚಿನ ಮೇಲೆ ಅತ್ತೆ ಕಾದು ಕೂತಿರುತ್ತಾರೆ, ‘ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿರಲಿಲ್ಲ’ ಎನ್ನಲಿಕ್ಕೆ. ತಾಯಿಯನ್ನು ಒಬ್ಬಳನ್ನೇ ಕೂರಿಸಿ ಸಮಾಧಾನ ಮಾಡಿದರೆ ಪ್ರಯೋಜನವಿಲ್ಲ. ಗಂಡ, ಅತ್ತೆ, ಮಾವ ಎಲ್ಲರನ್ನೂ ಒಟ್ಟಿಗೆ ಕರೆಸಿ, ಎರಡೂ ಕಡೆಯಿಂದ ಬಂದದ್ದು ಎಂದು ಡಾಕ್ಟರ ಬಾಯಲ್ಲೇ ಹೇಳಿಸು. ನೀನು ಹೇಳಿದರೆ ಹುಡುಗಿ ಏನೋ ಹೇಳುತ್ತಾಳೆ ಎಂದಾಗುತ್ತದೆ.

ನಿನ್ನ ಬಳಿ ಅತಿ ಹೆಚ್ಚು ಬರುವವರು ನೆಫ್ರಾಟಿಕ್ ಮಕ್ಕಳು, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಾಯಿಲೆಯವರು. ಬೆಳಿಗ್ಗೆ ಎದ್ದಾಗ ಕಣ್ಣು ಊದಿರುತ್ತದೆ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಆಮೇಲೆ ಅಲರ್ಜಿ ಎಂದು ಸಿರಪ್ ಕುಡಿಸಿ, ಕೊನೆಗೆ ಹೊಟ್ಟೆ ಉಬ್ಬಿದ ಮೇಲೆ ಇಲ್ಲಿಗೆ ಬಂದಿರುತ್ತಾರೆ. ಸ್ಟೀರಾಯ್ಡ್ ಶುರುವಾದರೆ ಬಹುಪಾಲು ಮಕ್ಕಳ ಊತ ಇಳಿಯುತ್ತದೆ. ಮನೆಯವರು ಗೆದ್ದೆವು ಅಂದುಕೊಳ್ಳುತ್ತಾರೆ. ಆದರೆ ನೆಗಡಿ, ಜ್ವರ ಬಂದರೆ ಸಾಕು, ಅದು ಮರಳಿ ಬರಬಹುದು. ಅದಕ್ಕೇ ಡಾಕ್ಟರು ಒಂದು ನೋಟ್‌ಬುಕ್ ಇಡಲು ಹೇಳುತ್ತಾರೆ. ಬೆಳಗಿನ ಮೊದಲ ಮೂತ್ರದಲ್ಲಿ ಪಟ್ಟಿ ಅದ್ದಿ, ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ, ಪ್ರೋಟೀನ್ ಎಷ್ಟೆಂದು ಬರೆಯಬೇಕು. ಸತತ ಮೂರು ದಿನ ಮೂರು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ಊತ ಬರುವವರೆಗೂ ಕಾಯದೆ ಫೋನು ಮಾಡಬೇಕು.

ಆ ನೋಟ್‌ಬುಕ್ಕನ್ನು ಓದಲು ಕಲಿ. ಅಂಕಿ ನೋಡುವುದು ಡಾಕ್ಟರ ಕೆಲಸ, ನೀನು ಅಕ್ಷರ ನೋಡು. ಎರಡು ತಿಂಗಳ ಸಾಲುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಸ್ವಲ್ಪ ಅಲುಗಾಡಿದಂತೆ ಇದ್ದರೆ ಅದು ಹಿಂದಿನ ರಾತ್ರಿ ಬಸ್ಸಿನಲ್ಲಿ ತುಂಬಿಸಿದ್ದು. ಸಿಕ್ಕಿಬಿದ್ದಿರಿ ಎನ್ನುವ ಮುಖ ಮಾಡಬೇಡ. ‘ಬೆಳಿಗ್ಗೆ ಪಟ್ಟಿ ಯಾರು ಅದ್ದುತ್ತಾರೆ? ಆಗ ಮನೆಯಲ್ಲಿ ಯಾರ್‍ಯಾರು ಇರುತ್ತಾರೆ?’ ಎಂದು ಸಾವಧಾನವಾಗಿ ಕೇಳು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ತಾಯಿ ಮಗು ಏಳುವ ಮೊದಲೇ ಮನೆ ಬಿಟ್ಟಿರುತ್ತಾಳೆ. ಪಟ್ಟಿ ಅದ್ದಬೇಕಾದವರು ಅಜ್ಜಿ. ಅಜ್ಜಿಗೆ ಬಣ್ಣ ಗೊತ್ತಾಗುತ್ತದೆ, ಬರೆಯಲು ಬರುವುದಿಲ್ಲ. ಅಂಥ ಮನೆಗೆ ಹಸಿರು, ಹಳದಿ ಬಿಂದಿ ಅಂಟಿಸುವ ಕ್ಯಾಲೆಂಡರ್ ಮಾಡಿಕೊಡು, ಅಜ್ಜಿ ಒಂದು ದಿನ ತಪ್ಪಿಸುವುದಿಲ್ಲ. ಇನ್ನೂ ಸ್ವಲ್ಪ ಮಾತಾಡಿದರೆ ಮಾತ್ರೆಯ ವಿಷಯವೂ ಹೊರಬೀಳುತ್ತದೆ: ‘ಅಷ್ಟೊಂದು ಮಾತ್ರೆ ಉಷ್ಣ ಅಲ್ವೇನಮ್ಮ, ಅದಕ್ಕೇ ಅರ್ಧ ಮಾಡಿ ಕೊಡ್ತಿದ್ದೆ.’ ಆ ಅಜ್ಜಿ ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದ್ದು. ಮುಂದಿನ ಸಲ ಅವರನ್ನೇ ಕರೆದುಕೊಂಡು ಬರಲು ಹೇಳಿ ಡಾಕ್ಟರ ಎದುರು ಕೂರಿಸು. ಫೈಲಿನಲ್ಲಿ ಏನು ಬರೆಯಲಿ ಎಂದರೆ ಹೀಗೆ ಬರೆ: ‘ಮಾತ್ರೆ ಕೊಡುವವರು ಅಜ್ಜಿ. ಉಷ್ಣವಾಗುತ್ತದೆಂಬ ಭಯದಿಂದ ಅರ್ಧ ಡೋಸ್ ಕೊಟ್ಟಿದ್ದಾರೆ. ತಿಳಿಸಿ ಹೇಳಲಾಗಿದೆ, ಮುಂದಿನ ಭೇಟಿಗೆ ಬರುತ್ತಾರೆ.’ ಡಾಕ್ಟರಿಗೆ ಇದರಿಂದ ಪ್ರಯೋಜನವುಂಟು. ಡೋಸ್ ಪೂರ್ತಿ ಹೋಗಿಯೂ ಮದ್ದು ನಾಟದಿರುವುದು ಬೇರೆ, ಅರ್ಧವೇ ಹೋಗಿರುವುದು ಬೇರೆ. ಮೊದಲನೆಯದಕ್ಕೆ ಇನ್ನೂ ಕಟುವಾದ ಔಷಧಿ ಬೇಕಾಗಬಹುದು, ಎರಡನೆಯದಕ್ಕೆ ಅಜ್ಜಿಯ ಜೊತೆ ಹದಿನೈದು ನಿಮಿಷ ಸಾಕು.

ಸ್ಟೀರಾಯ್ಡ್ ಮುಖವನ್ನು ಗುಂಡಗೆ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ, ಸಿಡಿಮಿಡಿ ತರಿಸುತ್ತದೆ. ಪುಟ್ಟ ಮಗುವಾದರೆ ಪಕ್ಕದ ಮನೆಯವರು ‘ಈಗ ಮೈ ಕೈ ತುಂಬಿಕೊಂಡಿದ್ದಾನೆ’ ಎನ್ನುತ್ತಾರೆ. ಹದಿಮೂರರ ಹುಡುಗಿಗೆ ಕ್ಲಾಸಿನಲ್ಲಿ ಬೇರೆ ಹೆಸರೇ ಬೀಳುತ್ತದೆ. ಅವಳು ಮಾತ್ರೆಯನ್ನು ಕಿಟಕಿಯಿಂದ ಎಸೆದರೆ ಅದನ್ನು ಅವಳ ಅಮ್ಮನಿಗೆ ಹೇಳುವ ಮೊದಲು ಅವಳ ಜೊತೆ ಮಾತಾಡು. ಅಮ್ಮನನ್ನು ಹೊರಗೆ ಕಳಿಸಿಯೇ ಮಾತಾಡು.

ಇನ್ನು ಪ್ರಯಾಣ. ಮಕ್ಕಳ ಕಿಡ್ನಿಗೆಂದೇ ಪ್ರತ್ಯೇಕ ವಿಭಾಗವಿರುವ ಆಸ್ಪತ್ರೆಗಳು ನಮ್ಮಲ್ಲಿ ಬೆರಳೆಣಿಕೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕಡೆಗೆ ರಾಯಚೂರು, ಕಲಬುರಗಿಯಿಂದಲೂ ಬರುತ್ತಾರೆ, ಗಡಿಯಾಚೆಯ ಅನಂತಪುರದಿಂದಲೂ ಬರುತ್ತಾರೆ. ರಾತ್ರಿಯೆಲ್ಲ ಕೂತು ಬಂದವರಿಗೆ ರಕ್ತ ಇವತ್ತು, ಸ್ಕ್ಯಾನ್ ಗುರುವಾರ, ಡಾಕ್ಟರು ಶನಿವಾರ ಎಂದು ಮೂರು ತಾರೀಖು ಕೊಟ್ಟರೆ ಮೂರನೆಯದಕ್ಕೆ ಬರುವುದಿಲ್ಲ. ಕೂಲಿ ಎಷ್ಟು ದಿನ ಬಿಡುತ್ತಾರೆ? ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿಕೊಡುವುದು ನಿನ್ನ ಕೌನ್ಸೆಲಿಂಗಿಗಿಂತ ದೊಡ್ಡ ಉಪಕಾರ. ಲ್ಯಾಬಿನವರ ಜೊತೆ ಸ್ನೇಹ ಬೆಳೆಸಿಕೋ, ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಅಪ್ಪ ಬರದಿದ್ದರೂ ತಾಯಿ ಮಗುವನ್ನು ಕರೆತರುವುದು ಇದರಿಂದ ಸುಲಭವಾಯಿತು. ಡಯಾಲಿಸಿಸ್‌ಗೆ ಅಥವಾ ಕಸಿಗೆ ರೈಲಿನಲ್ಲಿ ಬರುವವರಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಇದೆ. ಅದಕ್ಕೆ ರೈಲ್ವೆಯ ನಮೂನೆಯಲ್ಲೇ ಡಾಕ್ಟರ ಸಹಿ, ಸೀಲು ಬೇಕು. ಖಾಲಿ ನಮೂನೆಗಳು ನಿನ್ನ ಡ್ರಾಯರಿನಲ್ಲಿ ಸದಾ ಇರಲಿ.

ಕಾಗದಪತ್ರಗಳ ವಿಷಯ ಬೇಸರದ್ದು, ಆದರೆ ಮಗು ಬದುಕುವುದು ಅದರ ಮೇಲೆಯೇ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಮಗುವಿನ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಿಯೇ ಇರುವುದಿಲ್ಲ. ಮೊದಲ ದಿನವೇ ಇದನ್ನು ನೋಡು. ಐಸಿಯುಗೆ ಹೋದ ಮೇಲೆ ನಾಡಕಚೇರಿಗೆ ಓಡುವುದಕ್ಕೆ ಆಗುವುದಿಲ್ಲ. ಆ ಗಾರ್ಮೆಂಟ್ಸಿನ ತಾಯಿಯ ಸಂಬಳದ ಚೀಟಿಯನ್ನೂ ಕೇಳಿ ನೋಡು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರನ್ನು 2017ರಲ್ಲಿ ಇಎಸ್‌ಐ ವ್ಯಾಪ್ತಿಗೆ ತಂದರು. ಪ್ರತಿ ತಿಂಗಳೂ ಹಣ ಕಟ್ ಆಗುತ್ತಿರುತ್ತದೆ, ಅದರಲ್ಲಿ ಮಗುವಿಗೂ ಹಕ್ಕಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಒಡವೆ ಅಡವಿಟ್ಟು ಬಿಲ್ಲು ಕಟ್ಟುತ್ತಿರುತ್ತಾಳೆ.

ಇಲ್ಲದ್ದನ್ನು ಇದೆ ಎಂದು ಆಸೆ ಹುಟ್ಟಿಸಲೂಬೇಡ. ‘ಅಂಗವಿಕಲರ ಕಾರ್ಡು ಮಾಡಿಸಿಕೊಡಿ’ ಎಂದು ಬಹಳ ಜನ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ತಲಸ್ಸೇಮಿಯಾ, ಹಿಮೋಫಿಲಿಯಾ ಇವೆ, ಕಿಡ್ನಿ ವೈಫಲ್ಯ ಇಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ಗಂಟೆ ಮೆಷೀನಿಗೆ ಕಟ್ಟಿಹಾಕಿದ ಮಗುವಿಗೆ ಇನ್ನಾವ ವೈಕಲ್ಯ ಬೇಕು? ಹಾಗೆಂದು ಆ ಕುಟುಂಬವನ್ನು ಜಿಲ್ಲಾಸ್ಪತ್ರೆಯ ಬೋರ್ಡಿನ ಮುಂದೆ ಸುಮ್ಮನೆ ಅಲೆಸಬಾರದು. ಜಿಲ್ಲಾಸ್ಪತ್ರೆಗಳಲ್ಲಿ 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವೇನೋ ಇದೆ. ಆದರೆ ಹದಿನೈದು ಕೆಜಿಯ ಮಗುವಿಗೆ ಬೇಕಾದ ಸಣ್ಣ ಟ್ಯೂಬು, ಸಣ್ಣ ಫಿಲ್ಟರು, ಕೈ ನಡುಗದ ಸಿಸ್ಟರು ಎಲ್ಲ ಕಡೆ ಸಿಗುವುದಿಲ್ಲ. ಕಳಿಸುವ ಮೊದಲು ಫೋನು ಮಾಡಿ ಕೇಳು.

ಅದಕ್ಕೇ ಪುಟ್ಟ ಮಕ್ಕಳಿಗೆ ಹೊಟ್ಟೆಯ ಡಯಾಲಿಸಿಸ್ ಎಂದು ಹೇಳುವುದು. ಹೊಟ್ಟೆಯೊಳಗೆ ಒಂದು ಮೆತ್ತನೆಯ ನಳಿಕೆ ಇಟ್ಟಿರುತ್ತಾರೆ. ಮನೆಯಲ್ಲೇ ದಿನಕ್ಕೆ ನಾಲ್ಕಾರು ಸಲ ಚೀಲದ ದ್ರವ ಒಳಗೆ ಬಿಟ್ಟು, ಗಂಟೆಗಳ ನಂತರ ಹೊರಗೆ ತೆಗೆಯುತ್ತಾರೆ. ಕೈ ತೊಳೆಯುವುದರಲ್ಲಿ ಸ್ವಲ್ಪ ಎಚ್ಚರ ತಪ್ಪಿದರೂ ಸೋಂಕು ತಗುಲುತ್ತದೆ, ಹೊರಬಂದ ದ್ರವ ಮಸುಕಾಗುತ್ತದೆ. ಶುರುಮಾಡುವ ಮುನ್ನ ಮನೆ ನೋಡಿ ಬಾ ಎಂದು ನಿನ್ನನ್ನು ಕಳಿಸುತ್ತಾರೆ. ಇಲ್ಲಿ ನಿನ್ನ ಕಣ್ಣು ಏನು ನೋಡುತ್ತದೆ ಎಂಬುದರ ಮೇಲೆ ಮಗುವಿನ ಹಣೆಬರಹ ನಿಂತಿದೆ. ಒಂದೇ ಕೋಣೆ, ತಗಡಿನ ಮಾಡು, ಬಾಗಿಲಲ್ಲಿ ಮೇಕೆ. ‘ಮನೆ ಯೋಗ್ಯವಲ್ಲ’ ಎಂದು ಬರೆದು ವಾಪಸು ಬರುವುದು ಸುಲಭ. ಅದರ ಬದಲು ನೋಡು: ನಲ್ಲಿಯ ನೀರು ಎಷ್ಟು ಹೊತ್ತಿಗೆ ಬರುತ್ತದೆ? ಚೀಲ ನೇತುಹಾಕಲು ಗೋಡೆಗೆ ಮೊಳೆ ಹೊಡೆಯಬಹುದೇ? ರಟ್ಟಿನ ಪೆಟ್ಟಿಗೆಗಳನ್ನು ಇಲಿ ಮುಟ್ಟದ ಹಾಗೆ ಎಲ್ಲಿಡಬಹುದು? ಚೀಲ ಬದಲಿಸುವ ಅರ್ಧ ಗಂಟೆ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಬೇರೆಯವರು ಹೊರಗಿರಲು ಒಪ್ಪುತ್ತಾರೆಯೇ? ಸ್ವಂತ ಬಾತ್‌ರೂಮಿರುವ ಫ್ಲಾಟಿನಲ್ಲಿ ಸೋಂಕು ಬಂದದ್ದೂ ಉಂಟು. ಸಗಣಿ ಸಾರಿಸಿದ ಮನೆಯಲ್ಲಿ, ಅಕ್ಷರ ಬಾರದ ತಾಯಿಯ ಕೈಯಲ್ಲಿ ವರ್ಷಗಟ್ಟಲೆ ಸೋಂಕಿಲ್ಲದೆ ನಡೆದದ್ದೂ ಉಂಟು.

ಯಾರು ಯೋಗ್ಯರು ಎಂದು ತೂಗುವ ಚಟ ಈ ಕ್ಷೇತ್ರಕ್ಕೆ ಹುಟ್ಟಿನಿಂದಲೇ ಅಂಟಿದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಮೆಷೀನುಗಳು ಕೆಲವೇ ಇದ್ದವು, ರೋಗಿಗಳು ಬಹಳ. ಊರಿನ ಕೆಲವು ನಾಗರಿಕರ ಸಮಿತಿಯೊಂದು ಕೂತು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುತ್ತಿತ್ತು. ಕೆಲಸ ಏನು, ಹಣ ಎಷ್ಟಿದೆ, ಚರ್ಚಿಗೆ ಹೋಗುತ್ತಾರಾ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. ಮಕ್ಕಳು ಆ ಪಟ್ಟಿಯಲ್ಲೇ ಇರಲಿಲ್ಲ. 1962ರಲ್ಲಿ ‘ಲೈಫ್’ ಪತ್ರಿಕೆ ಅದನ್ನು ಬಯಲು ಮಾಡಿದ ಮೇಲೆ ದೊಡ್ಡ ಚರ್ಚೆಯೇ ಆಯಿತು. ನಮ್ಮಲ್ಲಿ ಅಂಥ ಸಮಿತಿ ಇಲ್ಲ, ಸರಿ. ‘ಆ ತಾಯಿ ಕೈಲಿ ಆಗಲ್ಲ ಬಿಡಿ ಡಾಕ್ಟ್ರೇ’ ಎಂದು ಕಾರಿಡಾರಿನಲ್ಲಿ ನಿಂತು ಹೇಳುವ ಒಂದು ಮಾತು ಅದೇ ಕೆಲಸ ಮಾಡುತ್ತದೆ.

ಊಟದ ಬಗ್ಗೆ ನೀನಾಗಿ ಸಲಹೆ ಕೊಡಲೇಬೇಡ, ಡಯಟೀಷಿಯನ್ ಬಳಿ ಕಳಿಸು. ಯಾಕೆಂದರೆ ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಮಕ್ಕಳಿಗೆ ಉಲ್ಟಾ ಪಥ್ಯ ಇರುತ್ತದೆ. ಊತವಿರುವ ನೆಫ್ರಾಟಿಕ್ ಹುಡುಗನಿಗೆ ಉಪ್ಪು ಬೇಡ. ಪಕ್ಕದ ಹುಡುಗನ ಕಿಡ್ನಿ ಹುಟ್ಟಿನಿಂದ ಉಪ್ಪನ್ನೂ ನೀರನ್ನೂ ಹಿಡಿದಿಡಲಾರದು, ಅವನಿಗೆ ಎರಡೂ ಜಾಸ್ತಿಯೇ ಬೇಕು. ತಾಯಂದಿರು ಬೆಂಚಿನ ಮೇಲೆ ಪಥ್ಯ ಅದಲುಬದಲು ಮಾಡಿಕೊಳ್ಳುತ್ತಾರೆ. ಅದನ್ನು ತಡೆಯುವುದು ಮಾತ್ರ ನಿನ್ನ ಪಾಲಿನದು. ಇನ್ನೆರಡು ಸಂಗತಿ ಕಿವಿಯ ಮೇಲೆ ಹಾಕಿಕೊಂಡಿರು. ಅಂಗಡಿಯ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಷಿಯಂ ಇರುತ್ತದೆ, ಕಿಡ್ನಿ ಸೋತ ಮಗುವಿನ ಹೃದಯಕ್ಕೆ ಅದು ಅಪಾಯ. ಎಳನೀರು ಕಿಡ್ನಿಗೆ ತಂಪು ಎಂದು ಊರೆಲ್ಲ ಹೇಳುತ್ತದೆ, ಪೊಟ್ಯಾಷಿಯಂ ಏರಿದ ಮಗುವಿಗೆ ಅದೂ ಅಷ್ಟೇ ಅಪಾಯ. ನೋಡಲು ಬಂದ ನೆಂಟರ ಕೈಯಲ್ಲಿ ಅದೇ ಇರುತ್ತದೆ.

ಶಾಲೆಗೆ ಪತ್ರ ಬರೆಯುವಾಗ ಈ ಪೊಟ್ಯಾಷಿಯಂ ವಿಷಯ ನೆನಪಿರಲಿ. ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, ಕ್ಷೀರಭಾಗ್ಯದ ಹಾಲೂ ಇದೆ. ಒಳ್ಳೆಯ ಯೋಜನೆಗಳೇ. ಆದರೆ ಎಲ್ಲರೂ ತಿನ್ನುವಾಗ ಒಂದು ಮಗು ಬೇಡವೆಂದರೆ ಮೇಷ್ಟರು ಒತ್ತಾಯ ಮಾಡುತ್ತಾರೆ, ಪ್ರೀತಿಯಿಂದಲೇ. ‘ಈ ಮಗುವಿಗೆ ಬಾಳೆಹಣ್ಣು ಬೇಡ, ಕೇಳಿದಾಗ ಶೌಚಕ್ಕೆ ಬಿಡಿ, ಕಾಯಿಲೆ ಅಂಟುವಂಥದ್ದಲ್ಲ’ ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದುಕೊಡು. ಇಂಗ್ಲಿಷ್ ರೋಗದ ಹೆಸರುಗಳ ಸರ್ಟಿಫಿಕೇಟು ನೋಡಿ ಹೆಡ್‌ಮಾಸ್ಟರು ಹೆದರಿ ಮಗುವನ್ನೇ ಮನೆಗೆ ಕಳಿಸಿದರೆ ಕಷ್ಟ. ಬೆನ್ನುಹುರಿಯ ತೊಂದರೆಯಿಂದ ಮೂತ್ರಕೋಶ ತಾನಾಗಿ ಖಾಲಿಯಾಗದ ಮಕ್ಕಳು ಮೂರು ನಾಲ್ಕು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿಕೊಂಡು ಮೂತ್ರ ತೆಗೆಯಬೇಕು. ಆ ನಳಿಕೆಯನ್ನು ಪೆನ್ಸಿಲ್ ಬಾಕ್ಸಿನಲ್ಲಿ ಬಚ್ಚಿಟ್ಟುಕೊಂಡು ಹೋಗುವ ಹುಡುಗಿಗೆ ಚಿಲಕವಿರುವ ಒಂದು ಬಾಗಿಲು ಬೇಕು. ಆ ಚಿಲಕಕ್ಕಾಗಿ ನೀನು ಎಸ್‌ಡಿಎಂಸಿ ಅಧ್ಯಕ್ಷರಿಗೆ ಫೋನು ಮಾಡಬೇಕಾಗಬಹುದು, ಮಾಡು.

ಕಸಿಯ ಮಾತು ಬಂದಾಗ ಮಗುವಿಗಿಂತ ದಾನಿಯ ಮೇಲೆ ಕಣ್ಣಿಡು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಮೇಲೆ ಅಜ್ಜ, ಅಜ್ಜಿಯರೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದ್ದಾರೆ. ಆದರೂ ಮುಂದೆ ಬರುವುದು, ಅಥವಾ ಮುಂದೆ ತಳ್ಳಿಸಿಕೊಳ್ಳುವುದು, ಬಹುತೇಕ ತಾಯಿಯೇ. ‘ಅವರು ದುಡಿಯೋರು, ಅವರಿಗೇನಾದ್ರೂ ಆದ್ರೆ?’ ಎಂದು ಅವಳೇ ಹೇಳುತ್ತಾಳೆ. ಅವಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸು, ಒಂದು ಸಲವಲ್ಲ. ಮನಸ್ಸಿಲ್ಲ ಎಂದು ಗೊತ್ತಾದರೆ ತಂಡಕ್ಕೆ ತಿಳಿಸು. ಆಗ ಮನೆಯವರಿಗೆ ‘ದಾನಿಯಾಗಲು ಆಗುವುದಿಲ್ಲ’ ಎಂದಷ್ಟೇ ಹೇಳುತ್ತಾರೆ, ಕಾರಣ ಹೊರಗೆ ಬರುವುದಿಲ್ಲ. ಆ ಗುಟ್ಟು ನಿನ್ನಲ್ಲೇ ಉಳಿಯಬೇಕು. ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸುವ ದಾರಿಯನ್ನೂ ಅದೇ ದಿನ ತೋರಿಸು.

ಕೆಲವು ಮನೆಗಳು ಇನ್ನು ಸಾಕು ಎಂದು ನಿಲ್ಲಿಸುತ್ತವೆ. ಇಬ್ಬರು ಅಕ್ಕಂದಿರು ಶಾಲೆ ಬಿಟ್ಟಿದ್ದಾರೆ, ಹೊಲ ಹೋಗಿದೆ, ಮಗುವೂ ಬಳಲಿದೆ. ಸಹಿ ಮಾಡಿ ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ. ಹಣದ ಕಾರಣವೊಂದೇ ಆದರೆ ಕೊನೆಯ ಕಾಸಿನವರೆಗೂ ಹುಡುಕು, ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಹಿಡಿದು ದಾನಿಗಳ ಟ್ರಸ್ಟುಗಳವರೆಗೆ. ಹಣ ಸಿಕ್ಕರೂ ಬೇಡ ಎಂದರೆ ಉಪದೇಶ ಮಾಡಬೇಡ. ನೋವಿಗೆ, ಉಬ್ಬಸಕ್ಕೆ ಊರಲ್ಲೇ ಯಾರು ಔಷಧಿ ಕೊಡುತ್ತಾರೆ ಎಂದು ಬರೆದುಕೊಡು, ಆಮೇಲೂ ಫೋನು ಮಾಡು. ನಿನ್ನ ಪರ್ಸಿನಿಂದ ಹಣ ಕೊಡುವ ಆಸೆಯೂ ಆಗುತ್ತದೆ. ಒಬ್ಬರಿಗೆ ಕೊಟ್ಟದ್ದು ಸಂಜೆಯೊಳಗೆ ಇಡೀ ಬೆಂಚಿಗೆ ಗೊತ್ತಾಗುತ್ತದೆ, ಹಾಗಾಗಿ ಬೇಡ ಎಂದೇ ಹೇಳುತ್ತೇನೆ. ನನ್ನ ಮಾತನ್ನು ನೀನು ಮೀರುತ್ತೀಯ ಎಂಬುದೂ ಗೊತ್ತು.

ಕೊನೆಗೆ ಉಳಿಯುವವರು ದೊಡ್ಡವರಾದ ಮಕ್ಕಳು. ಕಸಿಯಾದವರು ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಮಾತ್ರೆ ತಿನ್ನಬೇಕು. ರಕ್ತದಲ್ಲಿ ಆ ಮಾತ್ರೆಯ, ಅಂದರೆ ಟ್ಯಾಕ್ರೋಲಿಮಸ್‌ನ, ಮಟ್ಟ ನೋಡುವ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ, ಇದನ್ನು ಅಮ್ಮನಿಗಲ್ಲ, ಅವರಿಗೇ ಹೇಳು. ಹದಿನೇಳರ ಹುಡುಗನಿಗೆ ಹಾಸ್ಟೆಲ್ ಗೆಳೆಯರ ಮುಂದೆ ಮಾತ್ರೆ ತಿನ್ನಲು ನಾಚಿಕೆ. ಹುಡುಗಿಗೆ ಮನೆಯಲ್ಲಿ ವರ ನೋಡುತ್ತಿರುತ್ತಾರೆ, ಕಾಯಿಲೆ ಮುಚ್ಚಿಡಬೇಕೆಂದು ಮಾತ್ರೆ ಡಬ್ಬಿಯೇ ಮಾಯವಾಗುತ್ತದೆ. ಮೈಕೋಫಿನೊಲೇಟ್‌ನಂಥ ಮಾತ್ರೆ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ, ಅದನ್ನು ಮದುವೆಗೆ ಮುಂಚೆಯೇ ಅವಳಿಗೆ ತಿಳಿಸಬೇಕು. ಹದಿನೆಂಟಾದ ಮೇಲೆ ಇವರನ್ನು ದೊಡ್ಡವರ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಹೆಸರು ಹಿಡಿದು ಮಾತಾಡಿಸುವವರಿಲ್ಲ, ಟೋಕನ್ ನಂಬರ್ ಕೂಗುತ್ತಾರೆ. ಒಂದೆರಡು ಸಲ ಹೋಗಿ ಬಿಟ್ಟುಬಿಡುತ್ತಾರೆ, ಅಷ್ಟು ವರ್ಷ ಕಾಪಾಡಿದ ಕಿಡ್ನಿ ಹೋಗುವುದು ಅಲ್ಲಿಯೇ. ಹದಿನಾಲ್ಕರಿಂದಲೇ ಅವರ ಮಾತ್ರೆಗಳ ಹೆಸರನ್ನು ಅವರ ಬಾಯಿಂದಲೇ ಹೇಳಿಸು, ತಾರೀಖನ್ನು ಅವರ ಫೋನಿನಲ್ಲೇ ಹಾಕಿಸು. ದೊಡ್ಡವರ ಒಪಿಡಿಗೆ ಮೊದಲ ಸಲ ಹೋಗುವ ದಿನ ನೀನೂ ಜೊತೆಗೆ ಹೋಗು. ಅಲ್ಲಿನ ಸೋಷಿಯಲ್ ವರ್ಕರನ್ನು ಪರಿಚಯ ಮಾಡಿಸಿ, ಅವರ ನಂಬರು ಇವರ ಫೋನಿನಲ್ಲಿ ಸೇವ್ ಆಗಿದೆಯೇ ನೋಡಿಯೇ ವಾಪಸು ಬಾ.